ಬೆಲ್ಲ ಮುಟ್ಟದ ಇಲಿ

ನರೋಣಾದ ಬಸ್ ಸ್ಟ್ಯಾಂಡಿನ ಎದುರು, ಬೇವಿನ ಮರದ ಕೆಳಗೆ ತಗಡಿನ ಕೆಲಸ ಮಾಡುತ್ತ ಕೂರುವ ಭೀಮಶಾನ ಹತ್ತಿರ ಇಲಿ ಬೋನು ಕೊಳ್ಳಲು ಹೋದರೆ, ಅವನು ಬೋನು ತೋರಿಸುವ ಮೊದಲು ನಿಮ್ಮ ಮನೆಯ ಅಡುಗೆ ಕೇಳುತ್ತಾನೆ. ನಿನ್ನೆ ಏನು ಮಾಡಿದ್ದಿರಿ? ಒಗ್ಗರಣೆಗೆ ಯಾವ ಎಣ್ಣೆ? ಉಳಿದ ರೊಟ್ಟಿ ಎಲ್ಲಿಡುತ್ತೀರಿ? ಹೊಸಬರಿಗೆ ಸಿಟ್ಟು ಬರುತ್ತದೆ, ಬೋನು ಕೇಳಲು ಬಂದವರ ಜಾತಕ ಇವನಿಗ್ಯಾಕೆ ಎಂದು ಗೊಣಗುತ್ತಾರೆ. ಭೀಮಶಾ ಏನಂದರೂ ಬಿಡುವುದಿಲ್ಲ. ಅರವತ್ತೆಂಟು ದಾಟಿದ ಆ ಮನುಷ್ಯನಿಗೆ ಇಲಿಯ ಮೇಲೆ ಹಗೆಯಿಲ್ಲ. ಅದರ ನಾಲಿಗೆಯ ಮೇಲೆ ತಡೆಯಲಾರದ ಕುತೂಹಲ, ಅಷ್ಟೇ.

"ಬೋನು ಯಾರು ಬೇಕಾದ್ರೂ ಮಾಡ್ತಾರ್ರಿ. ಒಳಗ ಏನು ಇಡಬೇಕು ಅನ್ನೋದರಾಗ ಎಲ್ಲಾ ಅದ," ಎನ್ನುತ್ತಾನೆ.

ಮನೆಯಲ್ಲಿ ದಿನವೂ ಸಿಗುವುದಕ್ಕೆ ಇಲಿ ಬೋನಿನೊಳಗೆ ಕಾಲಿಡುವುದಿಲ್ಲ, ಸಿಗದೇ ಇರುವುದಕ್ಕೆ ಇಡುತ್ತದೆ ಎಂಬುದು ಅವನು ನಲವತ್ತು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡ ಮಾತು. ಜೋಳದ ಚೀಲ ಪೇರಿಸಿಟ್ಟ ಮನೆಯಲ್ಲಿ ರೊಟ್ಟಿ ಚೂರು ಇಟ್ಟು ಕಾಯುವವರನ್ನು ಕಂಡರೆ ಅವನಿಗೆ ನಗು. ಹಾಗಾಗಿ ಅವನದೊಂದು ಪರೀಕ್ಷೆಯಿದೆ. ಮೊದಲ ಸಂಜೆ ಬೋನಿನ ಬಾಗಿಲು ಬೀಳದಂತೆ ದಾರದಿಂದ ಕಟ್ಟಿ, ಒಳಗೆ ಐದು ತಿನಿಸು ಚೂರು ಚೂರು ಇಡುವುದು. ಶೇಂಗಾ, ಒಣಕೊಬ್ಬರಿ, ಬೆಲ್ಲ, ಭಜಿ, ತುಪ್ಪ ಸವರಿದ ರೊಟ್ಟಿ. ಇಲಿ ಹೆದರದೆ ಬಂದು ತಿಂದು ಹೋಗಲಿ. ಬೆಳಿಗ್ಗೆ ಯಾವುದು ಖಾಲಿಯಾಗಿದೆ ನೋಡಿ, ಮರುದಿನ ಅದನ್ನೇ ಕೊಕ್ಕೆಗೆ ಸಿಕ್ಕಿಸಿ ದಾರ ಬಿಚ್ಚುವುದು.

ತಪ್ಪೂ ಆಗಿದ್ದಿದೆ. ಒಮ್ಮೆ ಪಕ್ಕದ ಓಣಿಯ ವಜೀರುನ್ನಿಸಾ ಬಂದಾಗ ಕೈಯಲ್ಲಿ ಕೆಲಸವಿತ್ತೆಂದು ಚುಟುಕಾಗಿ "ಹಿಂಡಿ ಇಡ್ರಿ" ಅಂದುಬಿಟ್ಟ. ಅವನು ಹೇಳಿದ್ದು ಗಾಣದಿಂದ ಬರುವ, ದನಕ್ಕೆ ಹಾಕುವ ಹಿಂಡಿ. ಆಕೆ ಮನೆಗೆ ಹೋಗಿ ಇಟ್ಟಿದ್ದು ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಮೂರು ದಿನವಾದರೂ ಬೋನು ಖಾಲಿ. ನಾಲ್ಕನೆಯ ದಿನ ಮರದ ಕೆಳಗೆ ಬಂದು ನಿಂತು, "ಹಿಂಡಿ ಅಂತೂ ಇಟ್ಟೀನಿ ಭೀಮಶಾ ಭಾಯ್, ಇನ್ನ ನಿಮ್ಮ ಇಲಿಗೆ ರೊಟ್ಟಿ ಬೇರೆ ಬಡಿದು ಕೊಡ್ಲೇನು?" ಎಂದು ಕೇಳಿದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರು. ಅಂದಿನಿಂದ ಅವನು ಹಿಂಡಿ ಅನ್ನುವಾಗಲೆಲ್ಲ ಕೈಯಲ್ಲಿ ದನದ ಕೊಂಬು ಮಾಡಿ ತೋರಿಸುತ್ತಾನೆ.

ಈ ಪರೀಕ್ಷೆಯಿಂದ ಅವನಿಗೆ ಬೇಡದ ಸಂಗತಿಗಳೂ ತಿಳಿಯುತ್ತವೆ. ಮೀನಿನ ಹೆಸರೇ ಎತ್ತದ ಒಂದು ಮನೆಯಲ್ಲಿ ಇಲಿ ಐದನ್ನೂ ಮೂಸಿರಲಿಲ್ಲ. ಭೀಮಶಾ ಗುಟ್ಟಾಗಿ ಒಣಮೀನು ಇಟ್ಟ, ಅದನ್ನೂ ಮೂಸಲಿಲ್ಲ. ಹೆಸರೆತ್ತದ ಆ ಮನೆಯಲ್ಲೇ ಇಲಿಗೆ ದಿನವೂ ಮೀನು ಸಿಗುತ್ತಿದೆಯೆಂದು ಅವನಿಗೆ ತಿಳಿಯಿತು. ಆಮೇಲೆ ಬೇರೇನೋ ಇಟ್ಟು ಹಿಡಿದ. ಮನೆಯವರು ಏನಿಟ್ಟಿರಿ ಎಂದು ಕೇಳಿದರೆ "ಕೊಬ್ಬರಿ" ಅಂದ. ಯಾರು ಕೇಳಿದರೂ ಅವನ ಉತ್ತರ ಕೊಬ್ಬರಿಯೇ. ಇಲಿ ಹಿಡಿಯುವವನು ಮನೆಯವರನ್ನು ಹಿಡಿದು ಕೊಡಬಾರದು ಎಂಬುದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟು.

ಆ ಕಟ್ಟಿಗೆ ಕುತ್ತು ಬಂದದ್ದು ಹೋದ ವರ್ಷ, ನಾಗಣ್ಣನ ಮನೆಯಲ್ಲಿ.

ನಾಗಣ್ಣ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಊರ ಶಾಲೆಯಲ್ಲಿ ಭೀಮಶಾನ ಜೊತೆ ಒಂದೇ ಗೋಣಿತಟ್ಟಿನ ಮೇಲೆ ಕೂತವನು. ಅವನ ಸೊಸೆ ಶಿವಕಾಂತಾ ಒಂದು ಬೆಳಿಗ್ಗೆ ಮರದ ಕೆಳಗೆ ಬಂದು ನಿಂತಳು. ಮುಖ ಬಾಡಿತ್ತು.

"ಕಾಕಾ, ನಮ್ಮ ಮಾವಾರ ಕಾಲು ಇಲಿ ಕಚ್ಚ್ಯಾದ್ರಿ."

ಸಕ್ಕರೆ ಕಾಯಿಲೆಯಿಂದ ನಾಗಣ್ಣನ ಪಾದಗಳಿಗೆ ಸ್ಪರ್ಶವೇ ಇರಲಿಲ್ಲ. ಮೂರು ವಾರದ ಹಿಂದೆ ಬೆಳಗಾಗೆದ್ದಾಗ ಹೊದಿಕೆಯ ಮೇಲೆ ರಕ್ತ, ಎಡಗಾಲಿನ ಹೆಬ್ಬೆರಳ ತುದಿಯಲ್ಲಿ ಹಲ್ಲಿನ ಗುರುತು. ಕಚ್ಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಗಾಯ ಒಣಗುತ್ತಿಲ್ಲ. ಇನ್ನು ಹದಿನೈದು ದಿನದಲ್ಲಿ ಸಕ್ಕರೆ ಇಳಿಯದಿದ್ದರೆ, ಇಲಿ ಮತ್ತೆ ಬಾಯಿ ಹಾಕಿದರೆ, ಬೆರಳು ತೆಗೆಯಬೇಕಾಗುತ್ತದೆ ಎಂದು ಆಳಂದದ ಡಾಕ್ಟರು ಹೇಳಿದ್ದರು.

"ಇಲಿ ಇರಲಿ ಕಾಕಾ, ಸಕ್ರಿ ಯಾಕ ಇಳಿವಲ್ದು ಅನ್ನೋದೇ ತಿಳಿವಲ್ದು. ಬೆಲ್ಲ ಕೂಡ ಡಬ್ಬ್ಯಾಗಿಲ್ಲ. ಹವಳಗಾದ ಸಕ್ರಿ ಫ್ಯಾಕ್ಟರ್ಯಾಗ ಕೆಲಸ ಮಾಡ್ತಾರ ನಮ್ಮನಿಯವ್ರು, ಮನಿಗಿ ಒಂದು ಕಾಳು ತರಬ್ಯಾಡ್ರಿ ಅಂದೀನಿ. ಜೇವರ್ಗಿಯಿಂದ ನಾದಿನಿ ಜಯಮಾಲಾ ದಿನಾ ಫೋನ್ ಮಾಡಿ, ನಮ್ಮಪ್ಪಗ ಏನು ತಿನಸಾಕತ್ತೀ ಅಂತ ಕೇಳ್ತಾರ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವನ ಬೆರಳು ಹೋದರೆ ಅದು ತನ್ನ ಕೈಯಿಂದಲೇ ಹೋದಂತೆ ಎಂದು ಆಕೆ ನಂಬಿದ್ದಳು.

ಭೀಮಶಾ ಅಂದು ಬೇರೆ ಕೆಲಸ ಹಿಡಿಯಲಿಲ್ಲ. ಸಂಜೆಗೆ ಹೋಗಿ ನಾಗಣ್ಣನ ಮಂಚದ ಕೆಳಗೆ ಬೋನಿಟ್ಟು, ಐದೂ ತಿನಿಸು ಜೋಡಿಸಿ, ಬಾಗಿಲಿಗೆ ದಾರ ಕಟ್ಟಿ ಬಂದ. ಸಿಹಿಯೇ ಇಲ್ಲದ ಮನೆ. ಇಲಿ ಬೆಲ್ಲಕ್ಕೆ ಬಿದ್ದು ಸಾಯುತ್ತದೆ ಎಂದು ಅವನಿಗೆ ಪೂರ್ತಿ ಭರವಸೆ.

ಬೆಳಿಗ್ಗೆ ನೋಡಿದರೆ ಶೇಂಗಾ ಅರ್ಧ ಹೋಗಿದೆ, ಭಜಿ ಮುರಿದಿದೆ. ಬೆಲ್ಲದ ಚೂರು ಇಟ್ಟಲ್ಲೇ ಇದೆ, ಒಂದು ಹಲ್ಲಿನ ಗುರುತೂ ಇಲ್ಲ.

ಭೀಮಶಾ ಮೊಣಕಾಲೂರಿ ಕೂತು ಅದನ್ನೇ ನೋಡಿದ. ನಲವತ್ತು ವರ್ಷದಲ್ಲಿ ಇಂಥ ಇಲಿ ಕಂಡಿರಲಿಲ್ಲ. ಸಿಹಿ ಇಲ್ಲದ ಮನೆಯಲ್ಲಿ ಬೆಲ್ಲ ಬೇಡವೆನ್ನುವ ಇಲಿಯೆಂದರೆ, ಒಂದೋ ಅದಕ್ಕೂ ಡಾಕ್ಟರು ಪಥ್ಯ ಹೇಳಿರಬೇಕು, ಇಲ್ಲವೇ ಬೆಲ್ಲಕ್ಕಿಂತ ಮೇಲಿನದು ಅದಕ್ಕೆ ದಿನವೂ ಸಿಗುತ್ತಿರಬೇಕು. ತಲೆಯೆತ್ತಿದ. ಮಂಚದ ತಲೆದೆಸೆಯ ಗೂಟಕ್ಕೆ ನಾಗಣ್ಣನ ಹಳೆಯ ಕಂಡಕ್ಟರ್ ಚೀಲ ತೂಗುಬಿದ್ದಿತ್ತು, ಯಾರೂ ಮುಟ್ಟಬಾರದೆಂದು ಅವನು ಕಾಪಾಡಿಕೊಂಡ ಚರ್ಮದ ಚೀಲ. ಅದರ ಕೆಳಗಿನ ಮೂಲೆಯಲ್ಲಿ ಹುಣಸೆ ಬೀಜದಷ್ಟು ತೂತು.

ಆಗ ಇನ್ನೊಂದು ನೆನಪಾಯಿತು. ಡಾಕ್ಟರು ಹೇಳಿದ್ದಾರೆಂದು ನಾಗಣ್ಣ ದಿನವೂ ಬೆಳಿಗ್ಗೆ ವಾಕಿಂಗಿಗೆ ಬರುತ್ತಿದ್ದ, ಈಗ ಕುಂಟುತ್ತಲಾದರೂ ಬರುತ್ತಿದ್ದ. ಆ ವಾಕಿಂಗ್ ಮುಗಿಯುತ್ತಿದ್ದದ್ದು ಬೇವಿನ ಮರದ ಎದುರಿನ ಹೋಟೆಲಿನಲ್ಲಿ. ಪೇಪರ್ ಓದಲು ಹೋಗುತ್ತಾನೆಂದು ಭೀಮಶಾ ತಿಳಿದಿದ್ದ. ಹೋಟೆಲಿನ ಗಾಜಿನ ಕಪಾಟಿನಲ್ಲಿ ಪೇಪರ್ ಇರುವುದಿಲ್ಲ, ಪೇಡಾ ಇರುತ್ತದೆ.

"ಏನು ಇಡೋದ್ರಿ ಕಾಕಾ?" ಬಾಗಿಲಲ್ಲಿ ಶಿವಕಾಂತಾ ಕೇಳಿದಳು.

ಹೇಳಿದರೆ ಗೆಳೆಯನ ಮಾನ ಸೊಸೆಯ ಮುಂದೆ ಹೋಗುತ್ತದೆ. ಹೇಳದಿದ್ದರೆ ಬೆರಳು ಹೋಗುತ್ತದೆ, ಜೊತೆಗೆ ಈ ಹುಡುಗಿಯ ಹೆಸರೂ ಹೋಗುತ್ತದೆ.

"ಹೇಳ್ತೀನವ್ವಾ. ಮೊದಲ ಜರಾ ಚಹಾ ಮಾಡು," ಎಂದ. ಆಕೆ ಒಳಗೆ ಹೋದಮೇಲೆ ಮಂಚದ ಮೇಲೆ ನಾಗಣ್ಣನ ಪಕ್ಕ ಕೂತ.

"ನಾಗಣ್ಣ, ಈ ಇಲಿಗಿ ಏನು ಸೇರತದ ಅಂತ ನನಗಿಂತ ನಿನಗ ಚಂದ ಗೊತ್ತದ. ನೀನೇ ಇಡು."

"ಏನಂತೀ ಲೇ?" ನಾಗಣ್ಣ ಗುಡುಗಿದ. ಆದರೆ ಕಣ್ಣು ಗೂಟದ ಕಡೆ ಹೋಗಿ ಬಂತು.

"ನಾ ಯಾರಿಗೂ ಏನೂ ಅನ್ನಂಗಿಲ್ಲ. ಒಂದು ಕೇಳ್ತೀನಿ. ಕಚ್ಚಿದಾಗ ನಿನಗ ಗೊತ್ತಾಗಿತ್ತೇನು?"

ನಾಗಣ್ಣ ಬ್ಯಾಂಡೇಜು ಸುತ್ತಿದ ಬೆರಳು ನೋಡಿದ. "ಇಲ್ಲ."

"ಪೇಡಾದ ರುಚಿ ಗೊತ್ತಾಗತದ, ಕಾಲು ಹೋಗೋದು ಗೊತ್ತಾಗವಲ್ದು. ಇಲಿ ನಿನ್ನ ಕಾಲಿಗಿ ಬಂದಿಲ್ಲೋ ಮಾರಾಯ, ಚೀಲಕ್ಕ ಬಂದದ. ಹೋಗೋ ದಾರ್ಯಾಗ ಕಾಲು ಸಿಕ್ಕದ."

ಒಳಗೆ ಚಹಾ ಕುದಿಯುವ ಸದ್ದು ಕೇಳುತ್ತಿತ್ತು. ನಾಗಣ್ಣ ಎದ್ದು ಚೀಲದೊಳಗೆ ಕೈ ಹಾಕಿ, ಎಣ್ಣೆ ಜಿಡ್ಡಿನ ಕಾಗದದ ಪೊಟ್ಟಣ ತೆಗೆದ. ಎರಡು ಪೇಡಾ ಇದ್ದವು, ಒಂದರ ಅಂಚು ಇಲಿ ಕಡಿದದ್ದು. ಇಡಿಯಾಗಿದ್ದುದನ್ನು ಒಮ್ಮೆ ಮೂಸಿ ನೋಡಿ, ಎರಡನ್ನೂ ಭೀಮಶಾನ ಅಂಗೈಗೆ ಹಾಕಿದ. ಅವನ ಮುಖ ನೋಡಿ ಭೀಮಶಾನಿಗೆ ಅಯ್ಯೋ ಅನಿಸಿತು.

ಚೀಲ ಖಾಲಿಯಾದ್ದರಿಂದ ಆ ರಾತ್ರಿ ಇಲಿಗೆ ಪೇಡಾ ಇದ್ದದ್ದು ಬೋನಿನ ಕೊಕ್ಕೆಯಲ್ಲಿ ಮಾತ್ರ. ಮರುದಿನ ಬೆಳಿಗ್ಗೆ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ಮೈಕೈ ತುಂಬಿಕೊಂಡ ಇಲಿ, ನುಣ್ಣಗೆ ಹೊಳೆಯುತ್ತಿತ್ತು. ಭೀಮಶಾ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಶಿವಕಾಂತಾ ಚಹಾ ತಂದಳು. ಮೂರು ಕಪ್ಪು.

"ಅಯ್ಯ, ಬಿತ್ತಲ್ರಿ! ಏನು ಇಟ್ಟಿದ್ರಿ ಕಾಕಾ?"

"ಕೊಬ್ಬರಿ," ಎಂದ ಭೀಮಶಾ.

"ಸುಳ್ಳು ಹೇಳಬ್ಯಾಡ ಲೇ," ಎಂದಿತು ಮಂಚದ ಮೇಲಿನ ದನಿ. ನಾಗಣ್ಣ ಚೀಲವನ್ನು ಗೂಟದಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡಿದ್ದ. "ಪೇಡಾ ಇಟ್ಟಿದ್ವಿ, ಶಿವಕಾಂತಾ. ನಂದು. ದಿನಾ ತರ್ತಿದ್ದೆ. ನಿಂದೇನೂ ತಪ್ಪಿಲ್ಲ. ಜಯಮಾಲಾಗ ನಾನೇ ಫೋನ್ ಮಾಡಿ ಹೇಳ್ತೇನಿ."

ಶಿವಕಾಂತಾ ಚೀಲ ನೋಡಿದಳು, ಇಲಿ ನೋಡಿದಳು. ಬೈಯುತ್ತಾಳೆಂದು ಇಬ್ಬರು ಮುದುಕರೂ ತಲೆ ತಗ್ಗಿಸಿ ಕಾದರು. ಆಕೆ ಬೈಯಲಿಲ್ಲ. ಕೈಯಲ್ಲಿದ್ದ ತನ್ನ ಕಪ್ಪನ್ನು ಮಾವನ ಮುಂದೆ ಇಟ್ಟಳು.

"ಇದು ನನ್ನ ಚಹಾ, ಕುಡದು ನೋಡ್ರಿ ಮಾವಾರ."

ನಾಗಣ್ಣ ಒಂದು ಗುಟುಕು ಕುಡಿದ. ಅದರಲ್ಲೂ ಸಕ್ಕರೆ ಇರಲಿಲ್ಲ.

"ನಾಕು ತಿಂಗಳಾತು. ನೀವೊಬ್ರೇ ಸಪ್ಪಗ ಕುಡದ್ರ ಬ್ಯಾಸರ ಆಗತದ ಅಂತ ನಾನೂ ಹಂಗೇ ಕುಡ್ಯಾಕತ್ತೇನಿ," ಎಂದಳು.

ಹದಿನೈದು ದಿನ ಕಳೆದ ಮೇಲೆ ಆಳಂದದಲ್ಲಿ ಬ್ಯಾಂಡೇಜು ಬಿಚ್ಚಿ ನೋಡಿದ ಡಾಕ್ಟರು, ಬೆರಳು ತೆಗೆಯುವ ಮಾತು ಬಿಟ್ಟರು. ನಾಗಣ್ಣ ಈಗಲೂ ದಿನ ಬೆಳಿಗ್ಗೆ ವಾಕಿಂಗಿಗೆ ಬರುತ್ತಾನೆ. ಹೋಟೆಲಿನ ಕಡೆ ಬೆನ್ನು ಮಾಡಿ, ಬೇವಿನ ಮರದ ಕೆಳಗೆ ಕೂರುತ್ತಾನೆ. ಶಿವಕಾಂತಾ ತುಂಬಿಕೊಟ್ಟ ಥರ್ಮಾಸಿನಿಂದ ಭೀಮಶಾನಿಗೂ ಸಪ್ಪೆ ಚಹಾ ಸುರಿಯುತ್ತಾನೆ. ಭೀಮಶಾ ಮುಖ ಕಿವುಚುತ್ತಾನೆ, ಆದರೆ ಪೂರ್ತಿ ಕುಡಿಯುತ್ತಾನೆ.