ಮೂರು ದಾರಿಯ ಸಾಲು

ಅರವತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯ ಸಂಶೋಧನಾ ಕೇಂದ್ರವೊಂದರಲ್ಲಿ ಗಣಕಯಂತ್ರಕ್ಕೆ ಲೆಕ್ಕ ಬರೆದುಕೊಡುವ ಕೆಲಸದಲ್ಲಿದ್ದೆ. ನಾವು ಬಳಸುತ್ತಿದ್ದ ಫೋರ್ಟ್ರಾನ್ ಭಾಷೆಯಲ್ಲಿ ‘ಇಫ್’ ಎಂಬ ಸಾಲಿತ್ತು. ಅದರೊಳಗಿನ ಲೆಕ್ಕದ ಉತ್ತರ ಸೊನ್ನೆಗಿಂತ ಕಡಿಮೆಯಾದರೆ ಯಂತ್ರ ಒಂದು ಸಾಲಿಗೆ ಹೋಗುತ್ತಿತ್ತು, ಸೊನ್ನೆಯಾದರೆ ಇನ್ನೊಂದಕ್ಕೆ, ಹೆಚ್ಚಾದರೆ ಮತ್ತೊಂದಕ್ಕೆ. ಹೊಸಬರಿಗಾಗಿ ಇದನ್ನು ವಿವರಿಸಿ ಒಂದು ಪುಟ ಬರೆಯಲು ನಮ್ಮ ಮುಖ್ಯಸ್ಥರು ಹೇಳಿದ್ದರು. ಬರೆದುಕೊಟ್ಟೆ. ಗೊತ್ತಿದ್ದವರಿಗೆ ಮಾತ್ರ ಇದು ಅರ್ಥವಾಗುತ್ತದೆ ಎಂದು ಹಿಂದಿರುಗಿಸಿದರು.

ದೀಪಾವಳಿಗೆ ಹಿರೇಕೆರೂರಿನ ಅಕ್ಕನ ಮನೆಗೆ ಬಂದಾಗಲೂ ಅದೇ ಚಿಂತೆ. ಅಕ್ಕ ಅಲ್ಲಿಯ ಶಾಲೆಯಲ್ಲಿ ಶಿಕ್ಷಕಿ.

“ಯಾಕ ಮುಖ ಸಪ್ಪಗ ಮಾಡ್ಕೊಂಡು ಕುಂತೀ?” ಎಂದಳು.

ವಿಷಯ ಹೇಳಿದೆ.

“ನನಗ ಹೇಳ್ಕೊಡು. ನಾನ ನಿನ್ನ ಯಂತ್ರ ಆಗ್ತೇನಿ.”

ಅಂಗಳದಲ್ಲಿ ಜೋಳದ ಚೀಲ, ತಕ್ಕಡಿ ಇದ್ದವು. ಬಳಪ ತಂದು ಕಲ್ಲುಹಾಸಿನ ಮೇಲೆ ಬರೆದೆ: ಜೋಳ ತೂಗು. ತೂಕದ ಕಲ್ಲಿಗಿಂತ ಕಡಿಮೆಯಾದರೆ ಮೊದಲ ಸಾಲಿಗೆ ಹೋಗು, ಸಮವಾದರೆ ಎರಡಕ್ಕೆ, ಹೆಚ್ಚಾದರೆ ಮೂರಕ್ಕೆ. ಕೆಳಗೆ ಆ ಮೂರು ಸಾಲು: ಒಂದು ಹಿಡಿ ಹಾಕು, ಗಂಟು ಕಟ್ಟು, ಒಂದು ಹಿಡಿ ತೆಗೆ.

ತೂಕ ಕಡಿಮೆ ಬಂತು. ಅಕ್ಕ ಮೊದಲ ಸಾಲಿಗೆ ಹೋಗಿ ಒಂದು ಹಿಡಿ ಹಾಕಿದಳು. ಮುಂದಿನ ಸಾಲು ಓದಿ ಗಂಟು ಕಟ್ಟಿದಳು. ಅದರ ಮುಂದಿನದನ್ನು ಓದಿ, ಕಟ್ಟಿದ ಗಂಟು ಬಿಚ್ಚಿ, ಒಂದು ಹಿಡಿ ತೆಗೆದಳು.

“ಏ, ಒಂದ ಹಿಡಿ ಹಾಕಿ ನಿಲ್ಲಬೇಕಿತ್ತು,” ಎಂದೆ.

“ನಿಲ್ಲು ಅಂತ ಎಲ್ಲಿ ಬರದೀ? ಬರದಷ್ಟು ಮಾಡೇನಿ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಂತ್ರ ಮಾಡುವುದೂ ಅದನ್ನೇ. ದಾರಿ ತೋರಿಸದಿದ್ದರೆ ಅದು ಕೆಳಗಿನ ಸಾಲಿಗೆ ಇಳಿದುಬಿಡುತ್ತದೆ. ಮೊದಲ ಸಾಲಿನ ಪಕ್ಕ ‘ಮತ್ತೆ ತೂಗಲು ಹೋಗು’, ಎರಡನೆಯದರ ಪಕ್ಕ ‘ನಿಲ್ಲು’, ಮೂರನೆಯದರ ಪಕ್ಕ ‘ಮತ್ತೆ ತೂಗಲು ಹೋಗು’ ಎಂದು ಸೇರಿಸಿದೆ. ಅಕ್ಕ ಹಾಕಿದಳು, ತೂಗಿದಳು, ಇನ್ನಷ್ಟು ಹಾಕಿದಳು. ತಕ್ಕಡಿ ಸಮನಾದಾಗ ಗಂಟು ಕಟ್ಟಿ ಕೈ ಝಾಡಿಸಿ ನಿಂತಳು.

ಮುಂಬಯಿಗೆ ಮರಳಿದ ಮೇಲೆ ಜೋಳ, ತಕ್ಕಡಿ ಸಮೇತ ಪುಟವನ್ನು ಹೊಸದಾಗಿ ಬರೆದೆ. ಮುಖ್ಯಸ್ಥರು ಒಂದಕ್ಷರವನ್ನೂ ತಿದ್ದಲಿಲ್ಲ.

ಬೇಸಿಗೆ ರಜೆಗೆ ಅಕ್ಕ ಮುಂಬಯಿಗೆ ಬಂದಾಗ ನಮ್ಮ ಕೇಂದ್ರ ತೋರಿಸಲು ಕರೆದೊಯ್ದೆ. ನಾವು ಬರೆದ ಸಾಲುಗಳನ್ನು ತೂತುಗಳಾಗಿ ಕೊರೆದ ಕಾರ್ಡುಗಳನ್ನು ನುಂಗುತ್ತಿದ್ದ ಯಂತ್ರದ ಮುಂದೆ ಬಹಳ ಹೊತ್ತು ನಿಂತಿದ್ದವಳು ಮುಖ್ಯಸ್ಥರ ಕಡೆ ತಿರುಗಿ, “ನಾನೂ ಕಲೀಬಹುದೇನ್ರಿ?” ಎಂದಳು.

ಅವರೂ ಧಾರವಾಡದ ಕಡೆಯವರೇ. “ನಾಳೆ ಮುಂಜಾನೆ ಬರ್ರಿ,” ಎಂದರು.