ಜೋಡೆತ್ತಿನ ಪೂಜೆ

ನಮ್ಮ ಸಾಹೇಬರ ಕೆಳದುಟಿ ಸದಾ ಸವಣೂರಿನ ಎಲೆ-ಅಡಿಕೆಯಿಂದ ಕೆಂಪಗಿರುತ್ತಿತ್ತು. ಮಾತಾಡಿದರೆ ಕೆಂಪು ಹನಿ ಕೀಬೋರ್ಡಿನ ಮೇಲೆ ಸಿಡಿಯುತ್ತಿತ್ತು. ಒರೆಸುವುದು ಕೈಕೆಳಗಿನವನಾದ ನನ್ನ ಕೆಲಸ. ಶಿಗ್ಗಾಂವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಮಾಲೀಕರ ಬೀಗರು ಎಂಬುದೇ ಅವರ ವಿದ್ಯೆ.

ರೋಗಿಗಳ ದಾಖಲೆಗೆ ಎರಡು ಸರ್ವರ್ ಇದ್ದವು. ಒಂದು ಶಿಗ್ಗಾಂವಿಯಲ್ಲಿ, ಇನ್ನೊಂದು ಸವಣೂರಿನ ಶಾಖೆಯಲ್ಲಿ. ಇಲ್ಲಿ ಬರೆದದ್ದು ಆ ಕ್ಷಣವೇ ಅಲ್ಲಿಯೂ ದಾಖಲಾಗಬೇಕು; ಇಲ್ಲಿಗೆ ನೀರೋ ಬೆಂಕಿಯೋ ಬಿದ್ದರೆ ಅದು ಕೆಲಸ ಮುಂದುವರಿಸಬೇಕು. ಈ ಯೋಜನೆ ಬರೆದವನು ನಾನು. ಸಾಹೇಬರು ಓದಲಿಲ್ಲ, ಅದರ ಮೇಲೆ ಸುಣ್ಣದ ಡಬ್ಬಿ ಇಡುತ್ತಿದ್ದರು.

ಆಯುಧಪೂಜೆ ಬಂತು. ಸವಣೂರಿನ ಸರ್ವರನ್ನು ಶಿಗ್ಗಾಂವಿಗೆ ತರಲು ಹೇಳಿದರು.

"ಯಾಕ್ರಿ ಸಾಹೇಬ್ರ?"

"ಜೋಡೆತ್ತ ಬ್ಯಾರೆ ಬ್ಯಾರೆ ಊರಾಗ ನಿಲ್ಲಿಸಿ ಪೂಜಿ ಮಾಡ್ತಾರೇನೋ ಶ್ಯಾಣ್ಯಾ? ಯುನಿವರ್ಸಿಟ್ಯಾಗ ಇದನ್ನ ಕಲಿಸಿದ್ರೇನ?"

ಎರಡನ್ನೂ ಅಕ್ಕಪಕ್ಕ ಇಟ್ಟು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ ಆರತಿ ಎತ್ತಿದರು. ವಾರಕ್ಕೊಮ್ಮೆ ದಾಖಲೆಗಳ ನಕಲು ತೆಗೆದಿಡುತ್ತಿದ್ದ ಡಿಸ್ಕಿಗೂ ಕುಂಕುಮ.

"ವಾಪಸ್ ಯಾವಾಗ ಕಳಸೋದ್ರಿ?"

"ಕೂಡೇ ಇರ್ಲಿ ಬಿಡೋ. ಒಂದಕ್ಕೊಂದು ಆಸರ."

ಮುಂದಿನ ಮಳೆಗಾಲಕ್ಕೆ ಮಾಳಿಗೆಯ ಮೇಲಿನ ನೀರಿನ ಟಾಕಿ ಒಡೆದು ಅವನ್ನಿಟ್ಟ ಕೋಣೆಯೊಳಗೆ ಸುರಿಯಿತು. ಎರಡು ಎತ್ತೂ ಡಿಸ್ಕೂ ಒಟ್ಟಿಗೆ ಸತ್ತವು. ತಜ್ಞರಿಗೆ ಕೊಟ್ಟರೂ ಒಬ್ಬ ರೋಗಿಯ ಹೆಸರೂ ಹಿಂದಿರುಗಲಿಲ್ಲ.

ಆ ವಾರವೇ ಬಂಕಾಪುರದ ಮುದುಕಿಯೊಬ್ಬಳು ಜ್ವರವೆಂದು ಬಂದಳು. ಹಿಂದೊಮ್ಮೆ ನಮ್ಮಲ್ಲೇ ಒಂದು ಸೂಜಿಮದ್ದು ಆಗಿಬರದೆ ಸಾಯುವ ಹಂತಕ್ಕೆ ಹೋಗಿದ್ದವಳು.

"ಯಾವ ಸೂಜಿ ಅಂತ ನೆನಪೈತೇನ ಯವ್ವಾ?" ಎಂದು ಡಾಕ್ಟರು ಕೇಳಿದರು.

"ನನಗೇನ ಗೊತ್ತೋ ಯಪ್ಪಾ! ನೀವ ಆ ಪೆಟಿಗ್ಯಾಗ ಬರಕೊಂಡೀರಿ. ಅದನ್ನ ಕೇಳ್ರಿ."

ಯಾವ ಸೂಜಿಗೂ ಧೈರ್ಯ ಸಾಲದೆ ಅವಳನ್ನು ಹುಬ್ಬಳ್ಳಿಗೆ ಸಾಗಿಸಿದರು. ಎಂಟು ದಿನ ಒದ್ದಾಡಿ ಬದುಕಿದಳು. ಸಾಹೇಬರು ಎಲೆ ಮಡಚುತ್ತ, "ಏನಾತೀಗ? ಗಟ್ಟಿ ಮುದುಕಿ!" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ನನ್ನ ತಿರಸ್ಕಾರ ತೀರಿಲ್ಲ. ಆದರೆ ಸರ್ವರ್ ತರುವ ದಿನ ನಾನು ಅವರೊಡನೆ ವಾದಿಸಿದ್ದೆ ಎಂದು ಎಷ್ಟೋ ಜನರಿಗೆ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಹಳೆಯ ದಿನಚರಿ ತೆರೆದರೆ ಅಲ್ಲಿರುವುದು ಇಷ್ಟೇ: "ಸರ್ವರನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಬರುವಾಗ ತಿನ್ನಲು ಸವಣೂರು ಖಾರ ಕೊಂಡೆ. ಪೂಜೆ ಚೆಂದ ಆಯಿತು." ಮೇಲೆ ಬರೆದ ಆ ಎರಡು ಪ್ರಶ್ನೆಗಳನ್ನು ನಾನು ನಿಜಕ್ಕೂ ಕೇಳಿದ್ದೆನೇ? ಈಗ ಆಣೆ ಮಾಡಲಾರೆ.

ಈಗ ಅವರ ಕುರ್ಚಿ ನನ್ನದು. ಹೊಸ ಸರ್ವರುಗಳಲ್ಲಿ ಎರಡನೆಯದು ಸವಣೂರಿನಲ್ಲಿದೆ. ಆಯುಧಪೂಜೆಗೆ ಅಲ್ಲಿಗೇ ಹೋಗಿ ಬೇರೆ ತೆಂಗಿನಕಾಯಿ ಒಡೆಯುತ್ತೇನೆ. ತಿಂಗಳಿಗೊಮ್ಮೆ ಶಿಗ್ಗಾಂವಿಯದನ್ನು ಬೇಕೆಂದೇ ಬಂದ್ ಮಾಡಿ, ಸವಣೂರಿನದರಲ್ಲಿ ಆ ಮುದುಕಿಯ ಹೆಸರು ಹುಡುಕುತ್ತೇನೆ. ಸಿಗುತ್ತದೆ. ಆಮೇಲೆ ಹೊಸದಾಗಿ ಬರೆದ ಊರು, ವಯಸ್ಸು, ಹುಬ್ಬಳ್ಳಿಗೆ ಕಳಿಸಿದ ದಿನ, ಎಲ್ಲ ಇದೆ. ಆಗಿಬರದ ಔಷಧಿಯ ಮುಂದಿನ ಜಾಗ ಮಾತ್ರ ಇನ್ನೂ ಖಾಲಿ.