ಮಾವನಿಗೂ ಒಂದು ಕರ್ಪೂರ

ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿದೆ. ಎದುರಿಗೆ ನಿಂತ ಹುಡುಗ ಕೈ ಹಿಂದಕ್ಕೆ ಕಟ್ಟಿಕೊಂಡು, "ಆಗಲ್ಲ ಸಾರ್" ಅನ್ನುತ್ತಿದ್ದಾನೆ.

ಮೊನ್ನೆ ಶನಿವಾರ ಹಲಸೂರಿನ ಹತ್ತಿರದ ಹುಡುಗರ ಸುಧಾರಣಾ ಶಾಲೆಯಲ್ಲಿ ನಡೆದ ಸಂಗತಿ ಇದು. ಪೊಲೀಸರ ಕೈಗೆ ಸಿಕ್ಕು, ಕೋರ್ಟಿನ ಮೆಟ್ಟಿಲು ಹತ್ತಿ ಬಂದ ಹುಡುಗರನ್ನು ಇಡುವ ಜಾಗ. ಅಲ್ಲಿಯ ಕಮಿಟಿಗೆ ನಾನೂ ಒಬ್ಬಳು ಮೆಂಬರು. (ಸೀರೆ ಉಟ್ಟವಳು ನಾನೊಬ್ಬಳೇ ಆದ್ದರಿಂದ ಕಾಫಿ ಹೇಗಿದೆ ಎಂದು ತಪ್ಪದೆ ನನ್ನ ಅಭಿಪ್ರಾಯ ಕೇಳುತ್ತಾರೆ. ಮಿಕ್ಕ ವಿಷಯಗಳಿಗೆ ನಾನೇ ಬಾಯಿ ಹಾಕಬೇಕು.)

ಅಲ್ಲೊಂದು ಪದ್ಧತಿಯಿದೆ. ಹೆಂಡ, ಸಾರಾಯಿ, ಗಾಂಜಾ ಎಂದು ಸಿಕ್ಕಿಬಿದ್ದ ಹುಡುಗ ಮನೆಗೆ ಹೋಗುವ ಮುಂಚೆ ಕಮಿಟಿಯ ಮುಂದೆ ಪ್ರಮಾಣ ಮಾಡಬೇಕು. ಮುಸಲ್ಮಾನರ ಹುಡುಗರಿಗೂ ಕ್ರೈಸ್ತರ ಹುಡುಗರಿಗೂ ಅವರವರ ಗ್ರಂಥ, ಉಳಿದವರಿಗೆ ಕರ್ಪೂರ. 'ಕುಡಿಯುವುದಿಲ್ಲ, ಸೇದುವುದಿಲ್ಲ, ಯಾರಿಗೂ ತಂದುಕೊಡುವುದಿಲ್ಲ, ತಾಯಾಣೆ.' ಆಣೆ ಇಟ್ಟರೆ ಬಾಗಿಲು ತೆರೆಯಿತು. ಇಡದಿದ್ದರೆ ಮುಂದಿನ ವರ್ಷ ನೋಡೋಣ. ಚಟ ಬಿಡಿಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ದಂಡಿನ ಸೋಲ್ಜರುಗಳಿಗೂ ಒಂದೊಂದು ಕರ್ಪೂರದ ಬಿಲ್ಲೆ ಹಂಚಬಹುದಿತ್ತು!

ಹುಡುಗನ ಹೆಸರು ಮುನಿಸ್ವಾಮಿ. ಮರ್ಫಿ ಟೌನಿನವನು, ಹದಿಮೂರೋ ಹದಿನಾಲ್ಕೋ ವಯಸ್ಸು. ಹೆಂಡದ ಮಡಕೆ ಹೊತ್ತು ಓಲಾಡುತ್ತಾ ಬಂದು ಮಿಲಿಟರಿ ಲಾರಿಗೆ ಅಡ್ಡ ನಿಂತನಂತೆ. ಅಂದಿನಿಂದ ಇಲ್ಲೇ ಇದ್ದಾನೆ. ಕರೆದುಕೊಂಡು ಹೋಗಲು ತಾಯಿ ಒಗೆದ ಅಂಗಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಕುಡಿಯಲ್ಲ ಅಂತ ಆಣೆ ಇಡ್ತೀನಿ ಸಾರ್. ತಂದ್ಕೊಡಲ್ಲ ಅಂತ ಇಡಕ್ಕಾಗಲ್ಲ."

"ಯಾಕಯ್ಯಾ?" ಎಂದರು ನಮ್ಮ ಪ್ರೆಸಿಡೆಂಟರು. ಪೆನ್ಷನ್ ಪಡೆಯುತ್ತಿರುವ ದೊಡ್ಡ ಅಧಿಕಾರಿ, ಎದುರುತ್ತರ ಕೇಳಿ ಅಭ್ಯಾಸವಿಲ್ಲ.

"ಮಾವ ದಿನಾ ಕಳಿಸ್ತಾರೆ. ಹೋಗಲ್ಲ ಅಂದ್ರೆ ಬೆನ್ ಮುರೀತಾರೆ."

"ಆಣೆ ಇಟ್ಬಿಡೋ ನನ್ನಪ್ಪಾ, ಮನೆಗ್ ಹೋಗಣ," ಎಂದಳು ತಾಯಿ.

"ಸುಳ್ಳಾಣೆ ಇಟ್ರೆ ನಿಂಗೇ ತಾನೇಮ್ಮಾ ಕೇಡಾಗೋದು?"

ಪ್ರೆಸಿಡೆಂಟರಿಗೆ ಕೋಪ ಬಂತು. ಇದು ಉದ್ಧಟತನ, ಇವನನ್ನು ಒಳಗೇ ಇಟ್ಟುಕೊಳ್ಳಿ ಎಂದರು. ನಾನು ಬಾಯಿ ಹಾಕಿದೆ.

"ಕುಡಿಯೋದು ಹೆಂಗೋ ಕಲಿತೆ?"

"ಮಡಕೆ ಕಂಠಮಟ್ಟ ತುಂಬಿಸಿ ಕೊಡ್ತಾರಮ್ಮಾ. ನಡೆಯೋವಾಗ ತುಳುಕುತ್ತೆ. ತುಳುಕಿದ್ರೆ ಮಾವ ಹೊಡೀತಾರೆ. ಅದಕ್ಕೇ ಮೊದ್ಲೇ ಒಂದ್ ಗುಟುಕು ಕುಡಿದು ಕಮ್ಮಿ ಮಾಡ್ಕೊಳ್ಳೋದು. ನಮ್ ಬೀದಿ ಹುಡುಗ್ರೆಲ್ಲಾ ಹಂಗೇ."

ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಮಾಡಿದ ಪುಣ್ಯಾತ್ಮರು ಹೆಂಡದ ಮಡಕೆ ಹೊತ್ತವರಲ್ಲ. ಮೊದಲ ಗುಟುಕು ಏಟಿನ ಭಯಕ್ಕೆ, ಆಮೇಲಿನದು ಬಿಸಿಲಿಗೆ, ಅದರಾಚೆಯದು ರುಚಿಗೆ. ನಾವೋ ಈ ಹುಡುಗನನ್ನು ಕೂರಿಸಿಕೊಂಡು ಕೆಟ್ಟ ಸಹವಾಸದ ಮೇಲೆ ಲೆಕ್ಚರು ಕೊಟ್ಟದ್ದೇ ಕೊಟ್ಟದ್ದು. ಕೆಟ್ಟ ಸಹವಾಸ ಮನೆಯ ಜಗಲಿಯ ಮೇಲೇ ಕೂತಿತ್ತಲ್ಲ!

"ಮಾವ ಬಂದಿದಾರಾ?" ಎಂದು ಕೇಳಿದೆ. ಬಂದಿದ್ದ. ಗೇಟಿನ ಹತ್ತಿರ ಮರದ ನೆರಳಿನಲ್ಲಿದ್ದ. ಕರೆಸಿದೆವು. ಮದುವೆಗೆ ಹೊರಟವನಂತೆ ಕೋಟು ಹಾಕಿದ್ದ. ಬೆಳಗಿನ ಹತ್ತು ಗಂಟೆಗೇ ಲವಂಗ ಜಗಿಯುತ್ತಿದ್ದ. (ಯಾಕೆಂದು ನಾನು ಹೇಳಬೇಕೇ?)

ತಟ್ಟೆಗೆ ಹೊಸ ಕರ್ಪೂರ ಹಾಕಿ ಹಚ್ಚಿ ಅವನ ಮುಂದೆ ಹಿಡಿದೆ. "ನೀವೊಂದು ಆಣೆ ಇಡಿ."

"ನಾನಾ? ಕೇಸು ಅವನ್ ಮೇಲಲ್ವಾ ತಾಯೀ?"

"ಕೇಸು ಅವನ ಮೇಲೆ. ಹೆಂಡ ಯಾರದು?"

"ಇದು ರೂಲ್ಸಿನಲ್ಲಿಲ್ಲ," ಎಂದರು ಪ್ರೆಸಿಡೆಂಟರು.

"ಬೇಡ ಅಂತಲೂ ಇಲ್ವಲ್ಲ ಸಾರ್?"

ಮಾವ ಎರಡು ಹೆಜ್ಜೆ ಹಿಂದೆ ಸರಿದ. ಸರ್ಕಾರಕ್ಕೆ ಹೆದರದವನು ಕರ್ಪೂರಕ್ಕೆ ಹೆದರಿದ. "ಕುಡಿಯಲ್ಲ ಅನ್ನು ಅಂತ ಮಾತ್ರ ಕೇಳ್ಬೇಡಿ ತಾಯೀ. ಸಾಯಂಕಾಲ ಅನ್ನೋದು ಆಗೇ ಆಗುತ್ತೆ."

"ಅದು ನಿಮ್ಮ ಹಣೆಬರಹ. ಇವನನ್ನ ಕಳಿಸಲ್ಲ ಅನ್ನಿ, ಸಾಕು."

ಅವನು ತಂಗಿಯ ಕಡೆ ನೋಡಿದ. ಅವಳು ಅಂಗಿಯನ್ನು ಎದೆಗೊತ್ತಿಕೊಂಡು ಅಣ್ಣನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ಕೈ ಚಾಚಿದ. "ಇನ್ಮೇಲೆ ನನ್ ಕಾಲಲ್ಲೇ ಹೋಗಿ ತರ್ತೀನಿ. ಇವನ್ನ ಕಳಿಸಲ್ಲ. ನಮ್ಮಮ್ಮನಾಣೆ."

ಮುನಿಸ್ವಾಮಿ ಯಾರೂ ಹೇಳುವುದಕ್ಕೆ ಮುಂಚೆಯೇ ಕೈ ಮುಂದೆ ಮಾಡಿ, ಒಂದೇ ಉಸಿರಿಗೆ ಪೂರ್ತಿ ಪ್ರಮಾಣ ಒಪ್ಪಿಸಿದ. ತಾಯಿ ಅಲ್ಲೇ ಅವನಿಗೆ ಅಂಗಿ ತೊಡಿಸಿದಳು. ತೋಳು ಗಿಡ್ಡವಾಗಿತ್ತು, ಹುಡುಗ ಇಲ್ಲೇ ಬೆಳೆದುಬಿಟ್ಟಿದ್ದ.

ಪ್ರೆಸಿಡೆಂಟರಿಗೆ ಖುಷಿಯೋ ಖುಷಿ. "ನೋಡಿದಿರಾ ನಮ್ಮ ಪದ್ಧತಿಯ ಮಹಿಮೆ!" ಎಂದು ಕುರ್ಚಿಗೆ ಒರಗಿ ಜೇಬು ತಡಕಿದರು. ಸಿಗರೇಟು ಪ್ಯಾಕೆಟ್ಟು ಖಾಲಿ. ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗನಿಗೆ ಸನ್ನೆ ಮಾಡಿ, "ಏ, ಎದುರಂಗಡಿಗೆ ಓಡಿ..." ಎಂದರು. ನಾನು ಕರ್ಪೂರದ ಡಬ್ಬಿಗೆ ಕೈ ಹಾಕಿದೆ. ಅವರು ಕೆಮ್ಮಿ, ಶಾಲು ಸರಿಮಾಡಿಕೊಂಡು, ತಾವೇ ಎದ್ದು ಹೊರಟರು.

ನೀವು ನಗುತ್ತಿದ್ದೀರಿ, ಗೊತ್ತು. ಅದಿರಲಿ, ಇವತ್ತು ಸಂಜೆ ನಿಮ್ಮ ನಶ್ಯ, ಬೀಡಿ, ಸಿಗರೇಟು ತರುವುದಕ್ಕೆ ಅಂಗಡಿಗೆ ಓಡುವವರು ಯಾರು?